ಅವ್ವ ಕ್ಲಚ್ ಬಿಡಿಸಿದ್ದು

ನಮ್ಮ ಹಳಿಯಾಳದ ಮನೆಯ ಕೊಟ್ಟಿಗೆಯಲ್ಲಿ ಒಂದು ಮಳೆಗಾಲದುದ್ದಕ್ಕೂ ಎರಡು ಎಮ್ಮೆ, ಒಂದು ಆಕಳು ಮತ್ತು ಒಂದು ಮೋಟಾರುಗಾಡಿ ಒಂದೇ ಸೂರಿನ ಕೆಳಗೆ ಇದ್ದವು. ಉದ್ದಕ್ಕೆ ಚಾಚಿಕೊಂಡ ಮನೆ ಅದು. ಬೀದಿಗೆ ಮುಖ ಮಾಡಿದ ಪಡಸಾಲೆಯೇ ಅಪ್ಪನ ಬಟ್ಟೆ ಅಂಗಡಿ. ಅದರ ಹಿಂದೆ ನಡುಮನೆ, ನಡುಮನೆಯ ಒಂದು ಮಗ್ಗುಲಿಗೆ ದೇವರ ಕೋಣೆ, ಇನ್ನೊಂದು ಮಗ್ಗುಲಿಗೆ ಅಡಿಗೆಮನೆ, ಆಮೇಲೆ ಹಿತ್ತಲು, ಹಿತ್ತಲಿನ ಕೊನೆಗೆ ತಗಡು ಹೊದಿಸಿದ ಕೊಟ್ಟಿಗೆ. ಅಂಗಡಿ ಅಂದರೂ ಅಲ್ಲಿ ನಡೆಯುತ್ತಿದ್ದ ವ್ಯಾಪಾರ ಅಷ್ಟಕ್ಕಷ್ಟೆ. ಓಣಿಯ ಹೆಂಗಸರು ಕುಪ್ಪಸಕ್ಕೆ ಖಣ ಬೇಕಾದಾಗ ಬರುತ್ತಿದ್ದರು, ಎಲ್ಲವನ್ನೂ ಹರವಿಸಿ ನೋಡಿ ಒಂದನ್ನು ಒಯ್ಯುತ್ತಿದ್ದರು. ಅಪ್ಪನ ನಿಜವಾದ ವ್ಯಾಪಾರ ಇದ್ದದ್ದು ಸಂತೆಗಳಲ್ಲಿ. ದಾಂಡೇಲಿ, ಮುಂಡಗೋಡ, ಮಳಗಿ, ಜೋಯಿಡಾ ಕಡೆಯ ಹಳ್ಳಿಗಳು, ಎಲ್ಲಿ ಸಂತೆಯೋ ಅಲ್ಲಿಗೆ ಸೀರೆ, ಖಣ, ಧೋತರಗಳ ಗಂಟು ಕಟ್ಟಿ ಬಸ್ಸಿನ ಮೇಲೆ ಹಾಕಿಸಿಕೊಂಡು ಹೋಗುತ್ತಿದ್ದ. ಬಸ್ಸು ಕೈಕೊಟ್ಟ ದಿನ ಯಾರದಾದರೂ ಚಕ್ಕಡಿ. ಗಂಟು ನೆನೆದ ದಿನ ಮನೆಗೆ ಬಂದವನೇ ಮಾತಾಡದೆ ನಡುಮನೆಯ ತುಂಬ ಹಗ್ಗ ಕಟ್ಟಿ ಸೀರೆ ಒಣಹಾಕುತ್ತಿದ್ದ. ನಾವು ಆ ಸೀರೆಗಳ ನಡುವೆ ತಲೆ ಬಗ್ಗಿಸಿ ಓಡಾಡುತ್ತಿದ್ದೆವು.

ಧಾರವಾಡದ ವಕೀಲರೊಬ್ಬರು ತಮ್ಮ ಹಳೆಯ ಮೋಟಾರು ಕೊಡುತ್ತಾರೆ ಎಂಬ ಸುದ್ದಿ ತಂದವನು ಇಮಾಮಸಾಬ. ದಾಂಡೇಲಿಯಲ್ಲಿ ಕಟ್ಟಿಗೆ ಸಾಗಿಸುವ ಲಾರಿಯ ಡ್ರೈವರ್, ಅಪ್ಪನ ಬಾಲ್ಯದ ಗೆಳೆಯ. ಗಾಡಿ ಬಂದದ್ದು ಬೇಸಿಗೆಯಲ್ಲಿ. ಕಡುಹಸಿರು ಬಣ್ಣ, ಎರಡೂ ಕಡೆ ಕಾಲಿಟ್ಟು ಹತ್ತುವ ಪಟ್ಟಿ, ಒಳಗೆ ಅಲ್ಲಲ್ಲಿ ಬಿರಿದ ಚರ್ಮದ ಸೀಟು. ಇಮಾಮಸಾಬ ಅಪ್ಪನನ್ನು ಒಣಗಿದ ಕೆರೆಯಂಗಳಕ್ಕೆ ಕರೆದೊಯ್ದು ಓಡಿಸುವುದನ್ನು ಕಲಿಸಿದ. ಆ ಬೇಸಿಗೆ ಅಪ್ಪ ಹಿಂದಿನ ಸೀಟಿನ ತುಂಬ ಗಂಟು ಒಟ್ಟಿಕೊಂಡು ಸಂತೆಗೆ ಹೋಗಿ ಅದೇ ದಿನ ಮನೆಗೆ ಬಂದು ನಮ್ಮ ಜೊತೆ ಕುಳಿತು ರೊಟ್ಟಿ ತಿನ್ನುತ್ತಿದ್ದ. ಅದೇ ಒಂದು ದೊಡ್ಡ ಸುಖವಾಗಿತ್ತು ಮನೆಗೆ. ಅವನ ತಾಯಿ, ನಮ್ಮ ಆಯಿ ಮಾತ್ರ ಗಾಡಿಯನ್ನು ಒಪ್ಪಿರಲಿಲ್ಲ. ಹಿತ್ತಲಿಗೆ ಹೋದರೆ ಅದರ ಕಡೆ ನೋಡದೆ ಎಮ್ಮೆಯನ್ನಷ್ಟೇ ಮಾತಾಡಿಸಿ ಬರುತ್ತಿದ್ದಳು.

ಮಳೆ ಹಿಡಿಯುವ ಹೊತ್ತಿಗೆ ಅಪ್ಪ ಅಟ್ಟದ ಮೇಲಿನ ಗಂಟು ಇಳಿಸಲು ಹೋಗಿ ಏಣಿ ಜಾರಿ ಬಿದ್ದ. ಎಡಗಾಲಿನ ಮೊಣಕಾಲು ಮುರಿಯಿತು. ಬಿದಿರಿನ ಸೀಳು ಇಟ್ಟು ಕಟ್ಟಿದರು, ಬಿಚ್ಚಿದರು, ಮತ್ತೆ ಕಟ್ಟಿದರು. ಎಲುಬು ಕೂಡಿತು, ಕಾಲು ಮಾತ್ರ ಮಡಚಲಿಲ್ಲ. ಕೋಲಿನಂತೆ ನೆಟ್ಟಗೆ ನಿಂತುಬಿಟ್ಟಿತು. ಆ ಮಳೆಗಾಲ ಅಪ್ಪ ನಡುಮನೆಯ ಹೊರಸಿನ ಮೇಲೆ ಕಾಲು ಚಾಚಿ ಕುಳಿತೇ ಕಳೆದ. ಮೊದಲು ಅಡಿಗೆಮನೆಯಲ್ಲಿ ಎಲ್ಲರೂ ಸಾಲಾಗಿ ಕುಳಿತು ಉಣ್ಣುತ್ತಿದ್ದೆವು, ಅವ್ವ ಬಿಸಿ ರೊಟ್ಟಿಯನ್ನು ಒಲೆಯಿಂದ ನೇರ ತಾಟಿಗೆ ಎಸೆಯುತ್ತಿದ್ದಳು. ಈಗ ಅಪ್ಪನ ತಾಟು ಹೊರಸಿಗೆ ಹೋಗುತ್ತಿತ್ತು, ಅರ್ಧ ಉಂಡು ವಾಪಸು ಬರುತ್ತಿತ್ತು. ನಡೆಯಲು ಬಂದ ಮೇಲೂ ಬಡಿಗೆ ಊರಿಕೊಂಡು ನಡುಮನೆಯಿಂದ ಹಿತ್ತಲಿಗೆ, ಹಿತ್ತಲಿನಿಂದ ನಡುಮನೆಗೆ ಅಷ್ಟೆ. ಬೀದಿಯ ಬಾಗಿಲು ದಾಟಲಿಲ್ಲ. ಯಾರಾದರೂ ಬಂದು ಕರೆದರೆ ನನ್ನ ಕಡೆ ನೋಡುತ್ತಿದ್ದ. ನಾನು ಪಡಸಾಲೆಗೆ ಹೋಗಿ, “ಅಪ್ಪ ಮಲಗ್ಯಾನ್ರಿ” ಎನ್ನುತ್ತಿದ್ದೆ. ಒಳಗೆ ಎಚ್ಚರವಿದ್ದೇ ಗೋಡೆ ನೋಡುತ್ತ ಕುಳಿತವನ ಉಸಿರು ನನಗೆ ಕೇಳಿಸುತ್ತಿತ್ತು.

ಆಯಿ ಸಂಜೆ ದೇವರ ಮುಂದೆ ದೀಪ ಹಚ್ಚಿ, ಮಗನ ಹಣೆಗೂ ಮೊಣಕಾಲಿಗೂ ವಿಭೂತಿ ಹಚ್ಚಿ ಹೇಳುತ್ತಿದ್ದಳು.

“ಆ ಗಾಡಿ ಬಂದ ಗಳಿಗಿ ಚಲೋ ಇಲ್ಲ. ಅದನ್ನ ಮೊದಲ ಹೊರಗ ಹಾಕ.”

“ಗಾಡ್ಯಾಗ ಬಿದ್ದಿಲ್ಲ ಯವ್ವಾ, ಏಣಿ ಮ್ಯಾಲಿಂದ ಬಿದ್ದೇನಿ,” ಎಂದು ಅಪ್ಪ ಮೊದಮೊದಲು ಹೇಳುತ್ತಿದ್ದ. ಆಮೇಲಾಮೇಲೆ ಅದನ್ನೂ ಹೇಳುವುದನ್ನು ಬಿಟ್ಟ. ಮಳೆ ನಿಲ್ಲುತ್ತ ಬಂದಾಗ ಅವನೇ ಗಾಡಿ ಮಾರುವ ಮಾತು ತೆಗೆದ. ಎಡಗಾಲಿಲ್ಲದೆ ಗಾಡಿ ಓಡಿಸಲು ಬರುವುದಿಲ್ಲ, ಡ್ರೈವರನನ್ನು ಇಟ್ಟುಕೊಳ್ಳುವಷ್ಟು ವ್ಯಾಪಾರ ನಮ್ಮದಲ್ಲ. ಬೆಳಗಾವಿಯ ಒಬ್ಬರು ಕೊಳ್ಳಲು ತಯಾರಿದ್ದರು. ದಸರೆ ಮುಗಿಸಿ ಬರುತ್ತೇನೆ, ಆದರೆ ಗಾಡಿ ತನ್ನ ಗಾಲಿಯ ಮೇಲೆ ತಾನೇ ಬೆಳಗಾವಿಗೆ ಬರುವಂತಿರಬೇಕು, ಇಲ್ಲದಿದ್ದರೆ ಗುಜರಿಗೆ ಹಾಕುವ ಕಬ್ಬಿಣವೆಂದೇ ತಿಳಿಯುತ್ತೇನೆ ಎಂದು ಹೇಳಿ ಕಳಿಸಿದ್ದರು. ಅವ್ವ ಇದೆಲ್ಲವನ್ನೂ ಎಣ್ಣೆ ಕಾಯಿಸಿ ತಂದು ಅಪ್ಪನ ಕಾಲಿಗೆ ತಿಕ್ಕುತ್ತ ಕೇಳಿಸಿಕೊಂಡಳು.

ಇಮಾಮಸಾಬ ಬ್ಯಾಟರಿಯನ್ನು ದಾಂಡೇಲಿಗೆ ಒಯ್ದು ಚಾರ್ಜು ಮಾಡಿಸಿ ತಂದ. ಹಿಂದಿನ ಸೀಟಿನಲ್ಲಿ ಬೆಕ್ಕು ಮರಿ ಹಾಕಿತ್ತು. ಮರಿಗಳನ್ನು ಬುಟ್ಟಿಯಲ್ಲಿ ಅಡಿಗೆಮನೆಗೆ ಸಾಗಿಸಿದೆ. ಇಂಜಿನ್ ಕೆಮ್ಮಿ ಕೆಮ್ಮಿ ಚಾಲೂ ಆಯಿತು. ಎಮ್ಮೆಗಳು ಕಣ್ಣಿ ಹರಿಯುವಂತೆ ಜಗ್ಗಿದವು. ಆದರೆ ಇಮಾಮಸಾಬ ಕ್ಲಚ್ ತುಳಿದು ಗೇರು ಹಾಕಲು ಹೋದರೆ ಕರ್ ಎಂದು ಹಲ್ಲು ಕಡಿದಂತೆ ಸಪ್ಪಳ, ಗೇರು ಬೀಳಲೊಲ್ಲದು. ಇಂಜಿನ್ ನಿಲ್ಲಿಸಿ ಗೇರು ಹಾಕಿ, ಕ್ಲಚ್ ತುಳಿದೇ ಸ್ಟಾರ್ಟರ್ ಒತ್ತಿದರೆ ಗಾಡಿ ಒಮ್ಮೆಲೆ ಮುಂದೆ ಜಿಗಿದು ಕೊಟ್ಟಿಗೆಯ ಕಂಬಕ್ಕೆ ತಾಗಿತು. ಅವನು ಕೆಳಗಿಳಿದು ತಲೆ ಅಲ್ಲಾಡಿಸಿದ.

“ಪ್ಲೇಟ್ ಹಿಡಕೊಂಡೈತಿ ಸಾವ್ಕಾರ. ನಾಕ ತಿಂಗಳ ದನದ ಉಸರಿನಾಗ ನಿಂತೈತಿ, ತುಕ್ಕ ಹಿಡೀದ ಏನ ಮಾಡತೈತಿ? ಗೇರಬಾಕ್ಸ ಇಳಸಬೇಕು, ಎಲ್ಲಾ ಬಿಚ್ಚಬೇಕು. ಹುಬ್ಬಳ್ಳಿ ಕೆಲಸ ಇದು.”

“ಬಿಚ್ಚದನs ಬಿಡಸಬಹುದು ಅಂತ ನೀನs ಹೇಳಿದ್ದಿ ಒಮ್ಮೆ,” ಎಂದ ಅಪ್ಪ.

“ಹೇಳಿದ್ನಿ. ಜಗ್ಗಾಡಿಸಿ ಬಿಡಸ್ತಾರ. ಒಮ್ಮೊಮ್ಮೆ ಬಿಡತೈತಿ, ಒಮ್ಮೊಮ್ಮೆ ಎಕ್ಸಲ್ ಮುರೀತೈತಿ. ಮಾರೂ ಗಾಡಿ ಮ್ಯಾಲೆ ನಾ ಕೈ ಇಡೂದಿಲ್ಲಪಾ. ಏನರ ಆದ್ರ ಜನ್ಮಾನಗಟ್ಟಲೆ ನನ್ನ ಮನಸಿಗೆ ಹತ್ತತೈತಿ.”

ಅವನು ಲಾರಿ ತೆಗೆದುಕೊಂಡು ಅನಮೋಡದ ಕಡೆ ಹೋದ, ದಸರೆ ಮುಗಿಯುವವರೆಗೆ ಬರುವ ಹಾಗಿರಲಿಲ್ಲ. ಬೇರೆ ಯಾರನ್ನಾದರೂ ಕರೆಸಲು ಅಪ್ಪ ಒಪ್ಪಲಿಲ್ಲ. ಪರರು ಹಿತ್ತಲಿಗೆ ಬಂದು ಗಾಡಿ ನೋಡುವುದೆಂದರೆ ತನ್ನ ಕಾಲನ್ನೂ ನೋಡುವುದೆಂದು ಅವನಿಗೆ ಅನ್ನಿಸಿರಬೇಕು.

ಅಂದು ಮಧ್ಯಾಹ್ನ ಅವ್ವ ಅಪ್ಪನ ತಾಟು ತಂದವಳು ಹೊರಸಿನ ಪಕ್ಕ ನೆಲದ ಮೇಲೆಯೇ ಕುಳಿತಳು.

“ಹಿಡಕೊಂಡೈತಿ ಅಂದ್ರ ಏನ್ರಿ?”

ಅಪ್ಪ ತಾಟಿನ ಕೆಳಗೆ ಇನ್ನೊಂದು ತಾಟು ಇರಿಸಿ ತೋರಿಸಿದ. “ಇಂಜಿನ್ ತಿರಗಸೂದು ಇದು. ಗಾಲಿ ತಿರಗಸೂದು ಇದು. ಎರಡೂ ಒಂದಕ್ಕೊಂದು ಒತ್ತಿಕೊಂಡಿರತಾವ. ಕ್ಲಚ್ ತುಳದ್ರ ಬ್ಯಾರೆ ಆಗಬೇಕು. ಈಗ ನಡುವ ತುಕ್ಕ ಹಿಡದು ಎರಡೂ ಒಂದ ಆಗ್ಯಾವ. ತುಳದ್ರೂ ಬಿಡವಲ್ವು.”

“ಹಸಿ ಹಿಟ್ಟ ಉಳದು ಬೀಸೂಕಲ್ಲ ಹಿಡಕೊಂಡಂಗ ಅನ್ರಿ.”

“ಹಂಗs ಅನ್ನು.”

“ಅದನ್ನ ಗೂಟಾ ಹಿಡದು ಒಮ್ಮೆ ಹಿಂದಕ ಒಮ್ಮೆ ಮುಂದಕ ಜಗ್ಗತೇವಿ. ಒಂದs ಕಡೆ ಜಗ್ಗಿದ್ರ ಬರೂದಿಲ್ಲ.”

ಅಪ್ಪ ರೊಟ್ಟಿ ಮುರಿಯುತ್ತಿದ್ದವನು ಕೈ ನಿಲ್ಲಿಸಿದ. ಎಷ್ಟೋ ದಿನಗಳ ಮೇಲೆ ಅಂದು ಅವನ ತಾಟು ಖಾಲಿಯಾಗಿ ಒಳಗೆ ಬಂತು.

ಮರುದಿನದಿಂದ ಅಪ್ಪನ ಕೆಲಸ ಶುರುವಾಯಿತು. ಕ್ಲಚ್ಚನ್ನು ತುಳಿದ ಸ್ಥಿತಿಯಲ್ಲೇ ಇಟ್ಟು ದಿನಾ ಇಂಜಿನ್ ಬಿಸಿ ಮಾಡಿದರೆ ತಾನಾಗಿ ಬಿಡಬಹುದು ಎಂಬುದು ಅವನ ಮೊದಲ ಯೋಚನೆ. ಸೀಟಿಗೂ ಕ್ಲಚ್ಚಿನ ಪೆಡಲಿಗೂ ನಡುವೆ ಒತ್ತುಕೊಡಲು ಗಟ್ಟಿ ಕೋಲು ಬೇಕೆಂದ. ನಾನು ಅಡಿಗೆಮನೆಯಲ್ಲಿ ಸಿಕ್ಕಿದ ಕಡಗೋಲನ್ನೇ ತಂದುಕೊಟ್ಟೆ. ಅದು ಅಳತೆಗೆ ಸರಿಯಾಗಿ ಕುಳಿತಿತು. ಆಯಿ ಮಜ್ಜಿಗೆ ಕಡೆಯಲು ಹೋದಾಗ ಕಡಗೋಲಿಲ್ಲ. ಅಂದು ಹಿತ್ತಲಿನಲ್ಲಿ ದೊಡ್ಡ ಜಗಳವೇ ಆಯಿತು. ನನ್ನ ಅತ್ತೆಯ ಕಾಲದ ಕಡಗೋಲನ್ನು ಈ ಕಬ್ಬಿಣದ ಭೂತದ ಬಾಯಿಗೆ ಕೊಟ್ಟಿರಲ್ಲ ಎಂದು ಆಯಿ. ಕೊಟ್ಟಿಗೆಯಲ್ಲಿ ನಿಂತದ್ದಕ್ಕೆ ಅದು ಕೆಟ್ಟಿತು, ಅಲ್ಲಿ ನಿಲ್ಲಿಸಲು ಹೇಳಿದವಳು ನೀನೇ ಎಂದು ಅಪ್ಪ. ಅಪ್ಪ ಜೋರಾಗಿ ಮಾತಾಡಿದ್ದು ಕೇಳಿ ಅವ್ವ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಿದ್ದನ್ನು ನಾನು ನೋಡಿದೆ. ಕೊನೆಗೆ ದನ ನೋಡಿಕೊಳ್ಳುತ್ತಿದ್ದ ಬಸ್ತ್ಯಾಂವ ಮತ್ತಿಮರದ ತುಂಡೊಂದನ್ನು ಅದೇ ಅಳತೆಗೆ ಕಡಿದು ತಂದ. ಕಡಗೋಲು ತೊಳೆಸಿಕೊಂಡು ಒಳಗೆ ಹೋಯಿತು. ಬಸ್ತ್ಯಾಂವ ಹಳಿಯಾಳದ ಹತ್ತಿರದ ಹಳ್ಳಿಯ ಸಿದ್ದಿ ಜನಾಂಗದವನು. ರವಿವಾರ ಇಗರ್ಜಿಯ ಪ್ರಾರ್ಥನೆಗೆ ಹೋಗಿ ಬಂದ ಮೇಲೂ ನಮ್ಮ ಎಮ್ಮೆಗಳನ್ನು ಒಮ್ಮೆ ನೋಡದೆ ಮನೆಗೆ ಹೋಗುತ್ತಿರಲಿಲ್ಲ.

ಬೆಳಿಗ್ಗೆ ಅಪ್ಪ ಬಾಗಿಲಲ್ಲಿ ಬಗ್ಗಿ ಕೈಯಿಂದಲೇ ಇಂಜಿನ್ ಚಾಲೂ ಮಾಡುತ್ತಿದ್ದ, ಮುಂದಿನ ಮುಚ್ಚಳ ಕಾದು ಕೈ ಇಡಲಾಗದಷ್ಟಾದಾಗ ನಿಲ್ಲಿಸುತ್ತಿದ್ದ. ನವರಾತ್ರಿ ಕೂತಿತ್ತು. ಹೊಗೆ, ಊದಿನಕಡ್ಡಿ, ಸಗಣಿ, ಪೆಟ್ರೋಲು ಎಲ್ಲ ಸೇರಿದ ಒಂದು ವಾಸನೆ ಹಿತ್ತಲಿನಲ್ಲಿ ತುಂಬಿರುತ್ತಿತ್ತು. ಕ್ಲಚ್ ಬಿಡಲಿಲ್ಲ. ಖಂಡೆಪೂಜೆಯ ದಿನ ಕುಡಗೋಲು, ಕೊಡಲಿ, ಅಂಗಡಿಯ ಕತ್ತರಿ, ಬಟ್ಟೆ ಅಳೆಯುವ ಗಜ, ತಕ್ಕಡಿ ಎಲ್ಲಕ್ಕೂ ಪೂಜೆಯಾದ ಮೇಲೆ ಆಯಿ ತಾನೇ ಚೆಂಡುಹೂವಿನ ಮಾಲೆ ಹಿಡಿದು ಕೊಟ್ಟಿಗೆಗೆ ಬಂದಳು. ಗಾಡಿಗೆ ವಿಭೂತಿ ಎಳೆದು, ಮಾಲೆ ಹಾಕಿ, ಕರಗಡಬಿನ ನೈವೇದ್ಯ ತೋರಿಸಿದಳು.

“ಮಾರೂದಿದ್ರೂ ಪೂಜಿ ತಪ್ಪಸಬಾರದು. ಮನ್ಯಾಗ ಇರೂತನಾ ಮನೀದs,” ಎಂದಳು, ಯಾರೂ ಕೇಳದಿದ್ದರೂ.

ಮರುದಿನ ಬೆಳಿಗ್ಗೆ, ಬನ್ನಿ ಹಬ್ಬದ ದಿನ, ಅಪ್ಪ ಇನ್ನು ಕಾಯುವುದಿಲ್ಲ ಎಂದ. ಹಿತ್ತಲಿನ ಬೇಲಿಯಾಚೆ ದನ ಮೇಯುವ ದೊಡ್ಡ ಬಯಲಿತ್ತು, ಅದರ ಆಚೆಯ ಅಂಚಿಗೆ ಕೆರೆ. ಹಬ್ಬದ ಮುಂಜಾನೆ ಅಲ್ಲಿ ಯಾರೂ ಇರಲಿಲ್ಲ. ಬಸ್ತ್ಯಾಂವ ತನ್ನ ಹಳ್ಳಿಯಿಂದ ಎತ್ತು ತಂದು ಕಟ್ಟಿ ಗಾಡಿಯನ್ನು ಬಯಲಿಗೆ ಎಳೆದು ತಂದ. ಇಂಜಿನ್ ಚೆನ್ನಾಗಿ ಕಾಯಿಸಿ ನಿಲ್ಲಿಸಿದರು. ಇನ್ನು ಒಬ್ಬರು ಒಳಗೆ ಕುಳಿತು, ಗೇರಿನಲ್ಲೇ ಚಾಲೂ ಮಾಡಿ, ಕ್ಲಚ್ ತುಳಿದೇ ಹಿಡಿದು, ಗಾಡಿಯನ್ನು ಓಡಿಸುತ್ತ ಜಗ್ಗಾಡಿಸಬೇಕು. ಅಪ್ಪ ಬಡಿಗೆಯನ್ನು ನನ್ನ ಕೈಗೆ ಕೊಟ್ಟು ತಾನೇ ಹತ್ತಲು ಹೋದ. ಬಲಗಾಲು ಒಳಗಿಟ್ಟ. ನೆಟ್ಟಗಿನ ಎಡಗಾಲನ್ನು ಎರಡೂ ಕೈಯಿಂದ ಎತ್ತಿ ಒಳಗೆ ತರಲು ನೋಡಿದ. ಅದು ಬಾಗಿಲಿಗೆ ತಾಗಿತು. ಓರೆ ಮಾಡಿದ, ಸ್ಟೇರಿಂಗಿಗೆ ತಾಗಿತು. ಹೊರಗೆ ಬಂದು ಇನ್ನೊಂದು ಬದಿಯಿಂದ ಹೊಕ್ಕು ಸೀಟಿನ ಮೇಲೆ ಜರುಗಿ ನೋಡಿದ. ಹಣೆಯ ತುಂಬ ಬೆವರು. ಕೊನೆಗೆ ಕೆಳಗಿಳಿದು, ಬಸ್ತ್ಯಾಂವನ ಕಡೆ ತಿರುಗಿ ಕೇಳಿದ.

“ನೀ ಕುಂಡರತೀ ಏನು?”

“ಎತ್ತ ಆದ್ರ ಬಾಲಾ ತಿರವಿ ಓಡಸ್ತೇನ್ರಿ. ಇದಕ್ಕ ಬಾಲ ಎಲ್ಲೈತ್ರಿ?” ಎಂದ ಬಸ್ತ್ಯಾಂವ. ನಗಿಸಲೆಂದೇ ಹೇಳಿದ್ದು, ಆದರೆ ಅಪ್ಪ ನಗಲಿಲ್ಲ. ಬಡಿಗೆ ತೆಗೆದುಕೊಂಡು ಮನೆಯ ಕಡೆ ಎರಡು ಹೆಜ್ಜೆ ಹಾಕಿದ.

“ನಾ ತುಳೀತೇನಿ,” ಎಂದಳು ಅವ್ವ.

ಅಪ್ಪ ನಿಂತ. ಬೇಲಿಯ ಬಳಿ ನಿಂತಿದ್ದ ಆಯಿ, “ಹುಚ್ಚಿ ಏನ ನೀನು? ಕೆರಿ ಐತಿ ಮುಂದ,” ಎಂದು ಕೂಗಿದಳು.

“ಕೆರಿ ಕಾಣತೈತ್ರಿ ಅತ್ತಿ,” ಎಂದಳು ಅವ್ವ. ಆಮೇಲೆ ಅಪ್ಪನಿಗೆ, “ನಂದು ಎರಡೂ ಕಾಲ ಮಣೀತಾವು. ಏನ ಮಾಡಬೇಕು ಅದನ್ನಷ್ಟು ಹೇಳ್ರಿ,” ಎಂದಳು.

ಈಗ ಯೋಚಿಸಿದರೆ ಆ ಮಾತು ಅಪ್ಪನನ್ನು ನೋಯಿಸಬಹುದಿತ್ತು. ಆ ಮಳೆಗಾಲದುದ್ದಕ್ಕೂ ಅವನ ಕಾಲಿನ ಬಗ್ಗೆ ಮನೆಯಲ್ಲಿ ಯಾರೂ ಅಷ್ಟು ನೇರವಾಗಿ ಮಾತಾಡಿರಲಿಲ್ಲ. ಎಲ್ಲರೂ ಆ ಮಾತನ್ನು ತಪ್ಪಿಸಿಯೇ ಹೋಗುತ್ತಿದ್ದೆವು. ಅಪ್ಪ ಹಿಂತಿರುಗಿ ಬಂದ. ಬಾಗಿಲಿಗೆ ಒರಗಿ ನಿಂತು ಒಂದೊಂದಾಗಿ ತೋರಿಸಿದ. ಎಡಗಾಲಿನದು ಕ್ಲಚ್, ಅದನ್ನು ಪೂರ್ತಿ ತುಳಿದು ಹಿಡಿ, ಏನೇ ಆಗಲಿ ಬಿಡಬೇಡ. ಬಲಗಾಲಿನಲ್ಲಿ ಇದು ತುಳಿದರೆ ಓಡುತ್ತದೆ, ಇದು ತುಳಿದರೆ ನಿಲ್ಲುತ್ತದೆ. ಓಡಿಸು, ಬಲಗಾಲು ಮಾತ್ರ ಒಮ್ಮೆಲೆ ಬಿಡು, ಮತ್ತೆ ತುಳಿ. ಹೆದರಿಕೆಯಾದರೆ ಚಾವಿ ತಿರುವು, ಗಾಡಿ ಅಲ್ಲೇ ಸಾಯುತ್ತದೆ. ಅವ್ವ ಒಂದೊಂದನ್ನೂ ಕಾಲಿನಿಂದ ಮುಟ್ಟಿ ನೋಡಿದಳು. ಆಯಿ ಬೇಲಿ ದಾಟಿ ಬಿರಬಿರನೆ ಬಂದಳು. ತಡೆಯಲು ಬಂದಳೆಂದು ನಾವೆಲ್ಲ ಅಂದುಕೊಂಡೆವು.

“ಸೀರಿ ಎತ್ತಿ ಕಟ್ಟ. ಕಾಲಾಗ ಸಿಕ್ಕೀತು,” ಎಂದಳು.

ಅವ್ವ ನಾಟಿಗೆ ಇಳಿಯುವವಳಂತೆ ಇಳಕಲ್ಲ ಸೀರೆಯನ್ನು ಮೊಣಕಾಲವರೆಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು ಕುಳಿತಳು. “ನೀ ಬಾ ನನ್ನ ಕೂಡ,” ಎಂದು ನನ್ನನ್ನು ಕರೆದಳು. ನಾನು ಪಕ್ಕದಲ್ಲಿ ಕುಳಿತೆ. ಅಪ್ಪ ಕೈಚಾಚಿ ಗೇರು ಹಾಕಿಕೊಟ್ಟು ಹಿಂದೆ ಸರಿದ. ಅವ್ವ ಕಣ್ಣುಮುಚ್ಚಿ ಏನೋ ಅಂದುಕೊಂಡು ಸ್ಟಾರ್ಟರ್ ಒತ್ತಿದಳು. ಗಾಡಿ ಕುಪ್ಪಳಿಸಿತು, ಮತ್ತೆ ಕುಪ್ಪಳಿಸಿತು, ಹಿಡಿದುಕೊಂಡು ಓಡತೊಡಗಿತು. ನನ್ನ ತಲೆ ಗಾಜಿಗೆ ಬಡಿಯಿತು. ಹಿಂದಿನಿಂದ ಅಪ್ಪನ ದನಿ, “ಬಿಡು! ತುಳಿ! ಬಿಡು!” ಅವ್ವ ತುಳಿದಳು, ಬಿಟ್ಟಳು. ಗಾಡಿ ಮುಂದೆ ತೂರಿ ಹಿಂದಕ್ಕೆ ಎಳೆದಂತಾಗುತ್ತಿತ್ತು, ಒಳಗಿನ ಎಲ್ಲವೂ ಗಡಗಡ ಅನ್ನುತ್ತಿತ್ತು. ಅವ್ವನ ಎಡಗಾಲು ಮಾತ್ರ ಕ್ಲಚ್ಚಿನ ಮೇಲಿಂದ ಏಳಲಿಲ್ಲ. ಕೆರೆ ಹತ್ತಿರ ಬಂತು. ಅವಳು ಸ್ಟೇರಿಂಗನ್ನು ಎರಡೂ ಕೈಯಿಂದ ಬೀಸುಕಲ್ಲಿನಂತೆ ತಿರುವಿದಳು. ಗಾಡಿ ಹೊರಳಿತು. ಮತ್ತೆ ಜಗ್ಗಾಟ. ಎರಡನೆಯ ಸಲ ಕೆರೆಯ ಕಡೆ ಬರುವಾಗ ನಾನು ಅಳಲು ಶುರುಮಾಡಿದೆ.

“ಅಳಬ್ಯಾಡ. ನಾ ಅದೇನಿ,” ಎಂದಳು ಅವ್ವ, ನನ್ನ ಕಡೆ ನೋಡದೆ. ಆಮೇಲೆ ಗಾಡಿಯನ್ನು ಜೋರಾಗಿ ಓಡಿಸಿ, ಒಮ್ಮೆಲೆ ಬ್ರೇಕಿನ ಮೇಲೆ ತನ್ನ ಭಾರವನ್ನೆಲ್ಲ ಹಾಕಿ ನಿಂತಳು.

ಕೆಳಗೆಲ್ಲೋ ಠಕ್ ಎಂದಿತು. ಒಣಗಟ್ಟಿಗೆ ಮುರಿದಂಥ ಸಣ್ಣ ಸಪ್ಪಳ. ಜಗ್ಗಾಟ ನಿಂತಿತು. ಗಾಡಿ ನಿಂತಿತ್ತು, ಇಂಜಿನ್ ಮಾತ್ರ ತನ್ನಷ್ಟಕ್ಕೆ ತಾನು ಮೆಲ್ಲಗೆ ಗುಣುಗುಡುತ್ತಿತ್ತು. ಅವ್ವನಿಗೆ ಏನೋ ಮುರಿಯಿತೆಂದೇ ಅನ್ನಿಸಿತಂತೆ. ದೂರದಲ್ಲಿ ಅಪ್ಪ ಬಡಿಗೆಯನ್ನು ತಲೆಯ ಮೇಲೆ ಎತ್ತಿ ಆಡಿಸುತ್ತ ಕೂಗುತ್ತಿದ್ದ. “ಬಿಟ್ಟಿತು! ಬಿಟ್ಟಿತು! ಹಗುರಕ ಕಾಲ ಎತ್ತು!” ಅವ್ವ ಹಗುರಾಗಿ ಕಾಲು ಎತ್ತಿದಳು. ಗಾಡಿ ಸದ್ದಿಲ್ಲದೆ ಮುಂದೆ ಸಾಗಿತು. ತುಳಿದಳು, ನಿಂತಿತು. ಮತ್ತೆ ಎತ್ತಿದಳು. ಅಪ್ಪ ಸಾಕು ಎಂದು ಕೈ ಮಾಡಿದರೂ ಇನ್ನೊಂದು ಸುತ್ತು ಹೋದಳು, ಈ ಸಲ ಕೆರೆಯ ಅಂಚಿನುದ್ದಕ್ಕೂ, ನಿಧಾನವಾಗಿ, ಕೊಕ್ಕರೆಗಳು ಹಾರುವುದನ್ನು ನನಗೆ ತೋರಿಸುತ್ತ. ಅವಳ ಮುಖದ ಮೇಲೆ ಅಂಥ ಬೆಳಕನ್ನು ನಾನು ಮೊದಲು ಕಂಡಿರಲಿಲ್ಲ. ನನ್ನ ಅವ್ವನಿಗೆ ನಮ್ಮ ಊಟ, ಬಟ್ಟೆ, ಜ್ವರ ಬಿಟ್ಟು ಬೇರೆ ಏನಾದರೂ ಬೇಕಿರಬಹುದೆಂದು ನನಗೆ ಹೊಳೆದದ್ದು ಅಂದೇ.

ಸಂಜೆ ಬನ್ನಿ ಕೊಡುವ ಹೊತ್ತು. ಅವ್ವ ಅಪ್ಪನ ಕೈಗೆ ಬನ್ನಿ ಎಲೆ ಕೊಟ್ಟು ಕಾಲು ಮುಟ್ಟಿ ನಮಸ್ಕರಿಸಿದಳು. ಎದ್ದವಳು ಅಲ್ಲೇ ನಿಂತಳು.

“ಗಾಡಿ ಮಾರೂದು ಬ್ಯಾಡ್ರಿ.”

“ಇಟಗೊಂಡು ಏನ ಮಾಡೂಣು? ಬಯಲಾಗ ತಿರಗಿದಂಗಲ್ಲ ರಸ್ತೆದಾಗ ಹೋಗೂದು.”

“ಇಮಾಮಸಾಬಣ್ಣ ನಿಮಗ ಕಲಿಸಿದಂಗ ನನಗೂ ಕಲಸ್ತಾನ. ನೀವು ಹಿಂದ ಕಾಲ ಚಾಚಿ ಕುಂಡರ್ರಿ. ಗಂಟೂ ಹಿಡಸ್ತಾವು, ನೀವೂ ಹಿಡಸ್ತೀರಿ.”

“ಮಂದಿ ಏನಂದಾರು?”

“ಮಂದೀನ ನೀವು ಮನಿಯೊಳಗs ಬಿಡವಲ್ರಿ. ಅವರು ಅನ್ನೂದು ನಿಮಗ ಹೆಂಗ ಕೇಳಸೀತು?” ಎಂದಳು ಅವ್ವ.

ಅಪ್ಪ ಬನ್ನಿ ಎಲೆಯನ್ನು ಅಂಗೈಯಲ್ಲಿ ಹಿಡಿದು ಕುಳಿತ. ದೇವರ ಕೋಣೆಯಿಂದ ಆಯಿಯೂ ಏನೂ ಅನ್ನಲಿಲ್ಲ. ಅವಳು ಸುಮ್ಮನಿದ್ದದ್ದೇ ನಮಗೆಲ್ಲ ಸೋಜಿಗ.

ಬೆಳಗಾವಿಯವರು ಹೇಳಿದಂತೆ ಬಂದರು. ಅಪ್ಪ ಅವರನ್ನು ಪಡಸಾಲೆಯಲ್ಲಿ ಕೂಡಿಸಿ ಚಹಾ ಕೊಡಿಸಿದ, ತಾನೂ ಬಡಿಗೆ ಊರಿಕೊಂಡು ಬಂದು ಅವರೆದುರು ಕಾಲು ಚಾಚಿ ಕುಳಿತ. ಬೀದಿಯ ಬಾಗಿಲು ತೆರೆದೇ ಇತ್ತು. ಗಾಡಿ ಈಗ ಓಡುತ್ತದೆಂದು ಕೇಳಿ ಅವರಿಗೆ ಸಂತೋಷವಾಯಿತು. ಇಂದೇ ಒಯ್ಯುತ್ತೇನೆಂದರು. ಅವ್ವ ಅಡಿಗೆಮನೆಯ ಬಾಗಿಲ ಹಿಂದೆ ಕೈಯಲ್ಲಿ ಹಿಟ್ಟು ಹಿಡಿದೇ ನಿಂತಿದ್ದಳು. ಅಪ್ಪ ಏನು ಹೇಳುತ್ತಾನೆಂದು ಅವಳಿಗೂ ಗೊತ್ತಿರಲಿಲ್ಲ.

“ತಪ್ಪ ತಿಳೀಬ್ಯಾಡ್ರಿ. ನನ್ನದೇನಿಲ್ಲ, ಗಾಡಿ ಓಡಸವ್ರು ಕೊಡೂದಿಲ್ಲ ಅಂತಾರ,” ಎಂದ ಅಪ್ಪ.

“ಡ್ರೈವರನ ಮಾತ ಕೇಳಿ ಯಾಪಾರ ಬಿಡತೀರೇನ್ರಿ? ಯಾರವಾ?”

“ನಮ್ಮ ಮನಿಯಾಕಿ,” ಎಂದ ಅಪ್ಪ.

ಅವ್ವ ಕಲಿಯಲು ಆ ಚಳಿಗಾಲವೆಲ್ಲ ಹಿಡಿಯಿತು. ಇಮಾಮಸಾಬ ಕಲಿಸಿದ. ಕಾರವಾರಕ್ಕೆ ಹೋಗಿ ಲೈಸೆನ್ಸಿಗೆ ಪರೀಕ್ಷೆ ಕೊಟ್ಟು ಒಮ್ಮೆ ನಾಪಾಸಾಗಿ ಬಂದಳು, ಬರುವಾಗ ಬಸ್ಸಿನಲ್ಲಿ ಅತ್ತಳಂತೆ, ಮತ್ತೆ ಹೋದಳು. ಓಣಿಯಲ್ಲಿ ಮಾತುಗಳು ಬಂದವು. ಕೆಲವು ಮನೆಯವರು ಒಂದಷ್ಟು ಕಾಲ ಅರಿಷಿಣ ಕುಂಕುಮಕ್ಕೆ ಅವಳನ್ನು ಕರೆಯಲಿಲ್ಲ. ಅದರಿಂದ ಅವಳಿಗೆ ನೋವಾಗಿತ್ತು, ಆ ಸಂಜೆಗಳಲ್ಲಿ ಒಲೆಯ ಮುಂದೆ ಸುಮ್ಮನೆ ಕುಳಿತಿರುತ್ತಿದ್ದಳು. ಆದರೂ ಬೆಳಿಗ್ಗೆ ಎದ್ದು ಗಾಡಿ ಒರೆಸುತ್ತಿದ್ದಳು.

ಮೊದಲ ದೂರದ ಸಂತೆ ಮಳಗಿಯದು. ನನಗೆ ಶಾಲೆ ತಪ್ಪಿಸಿ ಕರೆದೊಯ್ದರು. ಅಪ್ಪ ಹಿಂದಿನ ಸೀಟಿನಲ್ಲಿ ಅಡ್ಡವಾಗಿ ಕುಳಿತು ಗಂಟಿನ ಮೇಲೆ ಕಾಲು ಚಾಚಿದ್ದ. ಮುಂಡಗೋಡ ದಾಟುವವರೆಗೂ ನಿಧಾನ, ನಿಧಾನ ಎನ್ನುತ್ತಿದ್ದವನು ಆಮೇಲೆ ನಿದ್ದೆ ಹೋದ. ಸಂತೆಯ ಬಯಲಿನಲ್ಲಿ ಅವ್ವ ಗಾಡಿ ನಿಲ್ಲಿಸಿದಾಗ ಜನ ಸುತ್ತುಗಟ್ಟಿದರು. ಅಪ್ಪ ಅವರ ನಡುವೆಯೇ ಇಳಿದ. ಮೊದಲು ಬಡಿಗೆ, ಆಮೇಲೆ ಬಲಗಾಲು, ಆಮೇಲೆ ನೆಟ್ಟಗಿನ ಆ ಕಾಲು. ಹಳೆಯ ಜಾಗದಲ್ಲಿ ಚಾಪೆ ಹಾಸಿ ಸೀರೆ ಹರವಿದೆವು. ಬಹಳ ದಿನಗಳ ಗಿರಾಕಿಯಾಗಿದ್ದ ಮುದುಕಿಯೊಬ್ಬಳು ಬಂದು ಎದುರು ಕುಳಿತಳು. ಅವನ ಕಾಲನ್ನೇ ನೋಡಿ ಕೇಳಿಬಿಟ್ಟಳು.

“ಕಾಲಿಗೆ ಏನಾತೋ ಯಪ್ಪಾ?”

ಅವ್ವ ಗಂಟು ಬಿಚ್ಚುತ್ತಿದ್ದವಳು ಕೈ ನಿಲ್ಲಿಸಿದಳು. ನಾನು ಅಪ್ಪನ ಮುಖ ನೋಡಿದೆ.

“ಮುರೀತು ಬೇ. ಇನ್ನ ಮಣಿಯೂದಿಲ್ಲ ಅದು,” ಎಂದ ಅಪ್ಪ. ಆಮೇಲೆ ಮಡಿಕೆ ಬಿಚ್ಚಿ, ಸೆರಗನ್ನು ಬಿಸಿಲಿಗೆ ಹಿಡಿದು, “ಈ ಸೀರಿ ನೋಡ, ನಿನ್ನ ಸಲವಾಗಿನs ತಂದೇನಿ,” ಎಂದ.